ದಿಂಬಿನ ಚಿತ್ರಕ್ಕೆ ಏಳು ಸೆಕೆಂಡು

ಹೆಂಡತಿ: ಏಳು ಸೆಕೆಂಡು ರೀ! ಬರೀ ಏಳೇ ಸೆಕೆಂಡು! ಆಮೇಲೆ ಒಬ್ಬರೂ ನಿಮ್ಮ ಚಿತ್ರ ನೋಡಿಲ್ಲ.

ಗಂಡ: ನೋಡಿಲ್ಲ ಅಂತ ಯಾರು ಹೇಳಿದ್ದು?

ಹೆಂಡತಿ: ಕನ್ನಡಕ ಹೇಳಿದೆ.

ಗಂಡ: ಕನ್ನಡಕಕ್ಕೆ ಕಲೆ ಅಂದ್ರೆ ಏನು ಗೊತ್ತು? ಅದಕ್ಕೆ ಕಿವಿ ಮೂಗು ಬಿಟ್ಟರೆ ಬೇರೆ ಯಾರ ಪರಿಚಯವೂ ಇಲ್ಲ.

ಜಗಳ ನಡೆಯುತ್ತಿದ್ದದ್ದು ಅವರ ಮನೆಯ ಮುಂದಿನ ಕೋಣೆಯಲ್ಲಿ. ಅದೇ ಅವರ ಜಾಹೀರಾತು ಕಚೇರಿ. ಗಂಡ ಚಿತ್ರ ಬರೆಯುವವನು. ಆ ಚಿತ್ರ ನೋಡುವವರ ಕಣ್ಣು ಎಲ್ಲೆಲ್ಲಿ ಓಡಾಡುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಅಳೆಯುವವಳು ಹೆಂಡತಿ. ಅದಕ್ಕಾಗಿ ಅವಳ ಬಳಿ, ನೋಡುವವರಿಗೆ ಹಾಕಿಸಲು, ಸಣ್ಣ ಕ್ಯಾಮೆರಾ ಇರುವ ಒಂದು ಕನ್ನಡಕವಿತ್ತು. ಗೋಡೆಗೆ ಒರಗಿಸಿದ್ದ ಬಾಗಿಲೆತ್ತರದ ಚಿತ್ರಕ್ಕೆ ಧೂಳು ಕೂರಬಾರದೆಂದು ಹಳೆಯ ಬೆಡ್‌ಶೀಟು ಹೊದಿಸಿದ್ದರು. ಮೂರು ಗಂಟೆಗೆ ದಿಂಬಿನ ಕಾರ್ಖಾನೆಯ ಮಾಲೀಕರು ಅದನ್ನು ನೋಡಲು ಬರುವವರಿದ್ದರು. ಅವರು ಒಪ್ಪಿದರೆ ವರ್ಷವಿಡೀ ಕೆಲಸ. ಒಪ್ಪದಿದ್ದರೆ ಗಂಡ ಭಾವಮೈದುನನ ಗ್ಯಾರೇಜಿಗೆ ಹೋಗಿ ಮತ್ತೆ ನಂಬರ್ ಪ್ಲೇಟು ಬರೆಯಬೇಕು. ಇದನ್ನು ಭಾವಮೈದುನ ಬೆಳಿಗ್ಗೆಯಿಂದ ಎರಡು ಸಲ ಫೋನ್ ಮಾಡಿ ಬಹಳ ಪ್ರೀತಿಯಿಂದ ನೆನಪಿಸಿದ್ದ.

ಹೆಂಡತಿ: ಹದಿನೆಂಟು ಜನರನ್ನ ಕೂರಿಸಿ ತೋರಿಸಿದ್ದೀನಿ. ಕ್ಷೌರದವರು, ಪೋಸ್ಟ್‌ಮ್ಯಾನು, ಎದುರುಮನೆ ಲೆಕ್ಕದ ಮೇಷ್ಟ್ರು, ಸಿಲಿಂಡರ್ ತಂದವರು... ಎಲ್ಲರದ್ದೂ ಒಂದೇ ಕಥೆ. ಏಳು ಸೆಕೆಂಡು ಕಣ್ಣು ಚಿತ್ರದ ಮೇಲೆ. ಎಂಟನೇ ಸೆಕೆಂಡಿಗೆ ಕಣ್ಣೇ ಇಲ್ಲ!

ಗಂಡ: ಎಲ್ಲಿ ಹೋಗುತ್ತೆ? ಮುಖದಲ್ಲೇ ಇರುತ್ತಲ್ಲ.

ಹೆಂಡತಿ: ಮುಚ್ಚಿಕೊಂಡಿರುತ್ತೆ.

ಗಂಡ: ಹಾಗೆ ಹೇಳು ಮತ್ತೆ! ತನ್ಮಯತೆ ಕಣೇ ಅದು. ಒಳ್ಳೆ ಸಂಗೀತ ಕೇಳಿದಾಗ ಜನ ಕಣ್ಣು ಮುಚ್ಚಲ್ವಾ?

ಹೆಂಡತಿ: ಬಾಯಿ ತೆರೀತಾರಾ? ಸಿಲಿಂಡರಿನವರ ಬಾಯಿ ಇಷ್ಟಗಲ ತೆರೆದಿತ್ತು.

ಗಂಡ: ಬೆರಗು!

ಹೆಂಡತಿ: ಗೊರಕೆ?

ಗಂಡ: (ಸ್ವಲ್ಪ ಯೋಚಿಸಿ) ಅದು ಅವರವರ ಅಭಿವ್ಯಕ್ತಿ.

ಹೆಂಡತಿ: ಪೋಸ್ಟ್‌ಮ್ಯಾನು ಹೋಗುವಾಗ ಕಾಗದದ ಚೀಲ ಇಲ್ಲೇ ಬಿಟ್ಟು ನಮ್ಮ ಚಾಪೆ ಸುತ್ತಿಕೊಂಡು ಹೋದ್ರು. ಅದೂ ಅಭಿವ್ಯಕ್ತಿನಾ?

ಗಂಡ: ನಿನ್ನ ಕನ್ನಡಕ ಕೆಟ್ಟಿದೆ.

ಹೆಂಡತಿ: ಮೂರು ಸಲ ಬ್ಯಾಟರಿ ಬದಲಾಯಿಸಿದೆ. ಕನ್ನಡಕ ನೆಟ್ಟಗಿದೆ. ಕೆಟ್ಟಿರೋದು ನಿಮ್ಮ ಬಣ್ಣ.

ಗಂಡ: ನನ್ನ ಬಣ್ಣನಾ? ಆ ನೀಲಿ ಯಾರದ್ದಮ್ಮಾ? ‘ಈ ನೀಲಿನೇ ಹಾಕಿ, ಎದೆಬಡಿತ ನಿಧಾನ ಆಗುತ್ತೆ’ ಅಂತ ಪುಸ್ತಕ ಹಿಡ್ಕೊಂಡು ನನ್ನ ತಲೆ ಮೇಲೆ ನಿಂತಿದ್ದು ಯಾರು? ದಿಂಬಿನ ಒಂದೊಂದು ಮಡಿಕೆಗೂ ಸ್ಕೇಲ್ ಇಟ್ಟಿದ್ದು ಯಾರು?

ಹೆಂಡತಿ: ಮಲಗಿದೋರ ಉಸಿರಿನ ಲೆಕ್ಕಕ್ಕೆ ಇಟ್ಟ ಮಡಿಕೆ ಕಣ್ರೀ ಅವು! ವಿಜ್ಞಾನ! ಅದರ ಮೇಲೆ ನೀವು ಹತ್ತಿ ಕೆದರಿದ ಹಾಗೆ ಬಿಳಿ ಬಳಿದ್ರಲ್ಲ, ಅಲ್ಲೇ ಎಲ್ಲಾ ಹಾಳಾಗಿದ್ದು. ಅಷ್ಟಕ್ಕೂ ಒಂದು ದಿಂಬು ಬರೆಯೋಕೆ ಇಪ್ಪತ್ತೆರಡು ದಿನಾನಾ?

ಗಂಡ: ಏನು ಮಾಡಲಿ? ಬೆಳಿಗ್ಗೆ ಬ್ರಶ್ ಹಿಡಿದು ಕೂತ್ರೆ ಹಾಗೇ ಮಧ್ಯಾಹ್ನ ಆಗಿಬಿಡ್ತಿತ್ತು.

ಹೆಂಡತಿ: ಅಷ್ಟು ಹೊತ್ತು ಏನು ಮಾಡ್ತಿದ್ರಿ?

ಗಂಡ: ನೆನಪಿಲ್ಲ. ಎದ್ದಾಗ ಮಾತ್ರ ಮನಸ್ಸು ಹಗುರ ಇರ್ತಿತ್ತು.

‘ಎದ್ದಾಗ’ ಅಂದದ್ದು ಇಬ್ಬರ ಕಿವಿಗೂ ಬೀಳಲಿಲ್ಲ. ಜಗಳಕ್ಕೆ ನಿಂತವರು ತಮ್ಮ ಮಾತನ್ನೇ ಕೇಳಿಸಿಕೊಳ್ಳುವುದಿಲ್ಲ, ಇನ್ನು ಎದುರಿನವರ ಮಾತು ದೂರವೇ ಉಳಿಯಿತು.

ಹೆಂಡತಿ: ಇದನ್ನ ನಾಲ್ಕು ರಸ್ತೆ ಕೂಡೋ ಕಡೆ ನಿಲ್ಲಿಸಬೇಕು ಅಂತಾರೆ ಮಾಲೀಕರು. ಎಂಟನೇ ಸೆಕೆಂಡಿಗೆ ಬಸ್ ಡ್ರೈವರ್ ಕಣ್ಣು ಮುಚ್ಚಿದ್ರೆ ಏನು ಗತಿ?

ಗಂಡ: ಸಿಗ್ನಲ್ ಕೆಂಪು ಇದ್ದಾಗ ಮುಚ್ಚಲಿ.

ಹೆಂಡತಿ: ಹಸಿರು ಬಂದಾಗ ಹೇಳೋರು ಯಾರು?

ಗಂಡ: ಹಿಂದಿನ ಗಾಡಿಯವರು ಹಾರ್ನ್ ಹೊಡೀತಾರೆ.

ಹೆಂಡತಿ: ಅವರೂ ಅದೇ ಚಿತ್ರ ನೋಡಿರ್ತಾರಲ್ರೀ!

ಆ ಕೂಗಿಗೆ ಮೂಲೆಯ ಕುರ್ಚಿಯಲ್ಲಿದ್ದ ಅತ್ತೆ, ಅಂದರೆ ಗಂಡನ ತಾಯಿ, ಬೆಚ್ಚಿ ಎದ್ದರು. ಹದಿನೆಂಟನೆಯವರಾಗಿ ಚಿತ್ರ ನೋಡಿದವರು ಅವರೇ. ಹತ್ತು ಗಂಟೆಗೆ ಹಾಕಿಸಿಕೊಂಡ ಕನ್ನಡಕ ಇನ್ನೂ ಮೂಗಿನ ಮೇಲಿತ್ತು.

ಅತ್ತೆ: ಬೆಳಗಾಯ್ತಾ?

ಹೆಂಡತಿ: ಎರಡೂಮುಕ್ಕಾಲು ಅತ್ತೆ. ಮಧ್ಯಾಹ್ನ.

ಅತ್ತೆ: ಅಯ್ಯೋ ನನ್ನಪ್ಪಾ! ನಾಲ್ಕು ವರ್ಷದಿಂದ ಗುಳಿಗೆ ನುಂಗಿದ್ರೂ ಬಾರದ ನಿದ್ದೆ, ನಿನ್ನ ಗಂಡನ ದಿಂಬು ನೋಡ್ತಿದ್ದ ಹಾಗೆ ಬಂತಲ್ಲೇ! ಕಾಲುನೋವು ಕೂಡ ಗೊತ್ತಾಗಲಿಲ್ಲ.

ಗಂಡ ಹೆಂಡತಿಯ ಮುಖ ನೋಡಿದ. ಹೆಂಡತಿ ಬೆಡ್‌ಶೀಟು ನೋಡಿದಳು.

ಗಂಡ: ದಿಂಬು.

ಹೆಂಡತಿ: ದಿಂಬಿನ ಜಾಹೀರಾತು.

ಗಂಡ: ನೋಡಿದ್ರೆ ನಿದ್ದೆ ಬರುತ್ತೆ.

ಹೆಂಡತಿ: ಹದಿನೆಂಟಕ್ಕೆ ಹದಿನೆಂಟು! ನಾನು ಮೂರು ದಿನದಿಂದ ಒಬ್ಬೊಬ್ಬರ ಹೆಸರಿನ ಮುಂದೂ ‘ಫೇಲ್, ಫೇಲ್’ ಅಂತ ಬರೀತಾ ಕೂತಿದ್ದೀನಲ್ರೀ! ನನ್ನ ಬುದ್ಧಿಗಿಷ್ಟು!

ಗಂಡ: ನೋಡಿದ್ಯಾ ನನ್ನ ಕೈಗುಣ?

ಹೆಂಡತಿ: ಕೈಗುಣ ಅಂತೆ! ಉಸಿರಿನ ಲೆಕ್ಕ ಕೊಟ್ಟಿದ್ದು ನಾನು.

ಗಂಡ: ಲೆಕ್ಕ ನೋಡಿ ಯಾರಾದ್ರೂ ನಿದ್ದೆ ಮಾಡ್ತಾರಾ?

ಹೆಂಡತಿ: ಎದುರುಮನೆ ಮೇಷ್ಟ್ರ ಪಾಠಕ್ಕೆ ಹೋಗಿ ನೋಡಿ.

ಗಂಡ: ಈ ನಿದ್ದೆ ಪೂರ್ತಿ ನನ್ನ ಬಣ್ಣದ್ದು!

ಹೆಂಡತಿ: ಪೂರ್ತಿ ನನ್ನ ಅಳತೆದು!

ಅತ್ತೆ: ಯಾರದ್ದಾದ್ರೂ ಆಗಲಿ, ಆ ಶೀಟು ಇನ್ನೊಂದು ಸಲ ತೆಗೀರೋ.

ಅಷ್ಟರಲ್ಲಿ ಬೆಲ್ಲು ಹೊಡೆಯಿತು. ಮಾಲೀಕರು ಒಳಗೆ ಬಂದರು. ಕೂರಲು ಹೇಳುವ ಮೊದಲೇ ಹೊರಡುವ ಮಾತಾಡುವಂಥ ಅವಸರದ ಮನುಷ್ಯ.

ಮಾಲೀಕ: ಐದೇ ನಿಮಿಷ ಇರೋದು ನನ್ನ ಹತ್ರ. ಮೊದಲೇ ಹೇಳ್ತೀನಿ, ನಾನು ಸುಲಭಕ್ಕೆ ಒಪ್ಪೋನಲ್ಲ.

ಹೆಂಡತಿ: ಏಳು ಸೆಕೆಂಡು ಸಾಕು ಸಾರ್. ಕೂತ್ಕೊಳ್ಳಿ.

ಮಾಲೀಕರು ಮೇಜಿನ ಮುಂದೆ ಕುಳಿತರು. ಗಂಡ ಶೀಟು ಎಳೆದವನೇ ಎದುರು ಗೋಡೆ ಕಡೆ ತಿರುಗಿ ನಿಂತ. ಹೆಂಡತಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡು ಎಣಿಸತೊಡಗಿದಳು.

ಮಾಲೀಕ: ಹೂಂ... ಮಡಿಕೆಗಳೇನೋ ಚೆನ್ನಾಗಿ ಬಂದಿ...

ಧಡ್ ಎಂದು ಸದ್ದಾಯಿತು. ಮಾಲೀಕರ ತಲೆ ಮೇಜಿನ ಮೇಲಿದ್ದ ಮೊಳೆ ಡಬ್ಬದ ಮೇಲೆ ಬಿದ್ದಿತ್ತು. ಮೂಲೆಯಲ್ಲಿ ಅತ್ತೆಯೂ ನೆಮ್ಮದಿಯಾಗಿ ಗೊರಕೆ ಶುರುಮಾಡಿದ್ದರು. ಗಂಡ ಹಿಮ್ಮುಖವಾಗಿ ನಡೆದು ಬಂದು ಚಿತ್ರಕ್ಕೆ ಶೀಟು ಹೊದಿಸಿದ. ಆಮೇಲೆ ಇಬ್ಬರೂ ಒಂದು ಗಂಟೆ ಕೆಮ್ಮನ್ನೂ ತಡೆದುಕೊಂಡು ಕಾದರು. ಮದುವೆಯಾದ ಮೇಲೆ ಆ ಮನೆಯಲ್ಲಿ ಅಷ್ಟು ಹೊತ್ತು ಮಾತಿಲ್ಲದೆ ಕಳೆದದ್ದು ಅದೇ ಮೊದಲು.

ಮಾಲೀಕರು ಎದ್ದಾಗ ಕೆನ್ನೆಯ ಮೇಲೆ ಡಬ್ಬದ ಮುಚ್ಚಳ ದುಂಡಗೆ ಅಚ್ಚೊತ್ತಿತ್ತು. ಕಣ್ಣಲ್ಲಿ ನೀರಿತ್ತು.

ಮಾಲೀಕ: ಮೂವತ್ತು ವರ್ಷದಿಂದ ದಿಂಬು ಮಾಡ್ತಿದ್ದೀನಿ. ಇಂಥ ನಿದ್ದೆ ನಾನು ಕಂಡಿಲ್ಲ.

ಗಂಡ: ಹಾಗಾದ್ರೆ ಒಪ್ಪಿಗೆ ತಾನೆ ಸಾರ್?

ಮಾಲೀಕ: ತಡೀರಿ. ನನ್ನ ತಲೆ ಕೆಳಗೆ ಏನಿತ್ತು?

ಗಂಡ: ಮೊಳೆ ಡಬ್ಬ ಸಾರ್.

ಮಾಲೀಕ: ದಿಂಬು?

ಹೆಂಡತಿ: (ಹೆಮ್ಮೆಯಿಂದ) ಬೇಕಾಗಲೇ ಇಲ್ಲ ಸಾರ್!

ಹೇಳಿದ ಮೇಲೆ ಅವಳು ನಾಲಿಗೆ ಕಚ್ಚಿಕೊಂಡಳು.

ಮಾಲೀಕ: ಅದೇ ನಾನು ಹೇಳ್ತಿರೋದು! ನಿಮ್ಮ ಚಿತ್ರ ನೋಡಿದೋನು ಮೊಳೆ ಡಬ್ಬದ ಮೇಲೂ ಮಲಗ್ತಾನೆ. ಇದನ್ನ ಊರ ಮಧ್ಯೆ ನಿಲ್ಲಿಸಿದ್ರೆ ನನ್ನ ದಿಂಬು ಯಾರ್ರೀ ಕೊಳ್ತಾರೆ? ನನ್ನ ಕಾರ್ಖಾನೆಗೆ ನಾನೇ ಬೀಗ ಹಾಕಿಸ್ಕೊಳ್ಳಲಾ?

ಗಂಡನ ಕಣ್ಣ ಮುಂದೆ ಸಾಲುಸಾಲು ನಂಬರ್ ಪ್ಲೇಟುಗಳು ಬಂದು ನಿಂತವು. ಅವನಿಗೆ ನಿಜಕ್ಕೂ ಅಳು ಬಂತು.

ಗಂಡ: ಸಾರ್, ಏನಾದ್ರೂ ಬದಲಾಯಿಸೋದಾದ್ರೆ...

ಮಾಲೀಕ: ಒಂದೇ ದಾರಿ ಇದೆ. ಅರ್ಧ ನಿದ್ದೆ ಮಾತ್ರ ಬರೋ ಹಾಗೆ ಮಾಡಿ. ಉಳಿದರ್ಧಕ್ಕೆ ನನ್ನ ದಿಂಬು ಇದೆ. ವರ್ಷಪೂರ್ತಿ ಕೆಲಸ ನಿಮ್ಮದೇ. ಈಗ ಹೇಳಿ, ಈ ನಿದ್ದೆ ತರಿಸಿದ್ದು ಬಣ್ಣನಾ, ಅಳತೆನಾ? ಯಾವುದು ಜಾಸ್ತಿ ತರಿಸಿದೆಯೋ ಅದನ್ನ ಇವತ್ತೇ ಅಳಿಸಿಬಿಡಿ.

ಗಂಡ ಶೀಟಿನ ಅಂಚಿನಲ್ಲಿ ಇಣುಕುತ್ತಿದ್ದ ತನ್ನ ಬಿಳಿ ಬಣ್ಣವನ್ನು ನೋಡಿದ. ಹೆಂಡತಿ ತನ್ನ ಸ್ಕೇಲನ್ನು ಎದೆಗವುಚಿಕೊಂಡಳು.

ಗಂಡ: ಅಳತೆ ಸಾರ್! ಪೂರ್ತಿ ಇವಳದೇ. ನಾನು ಸುಮ್ಮನೆ ಮೇಲೆ ಮೇಲೆ ಬಣ್ಣ ಬಳಿದೋನು.

ಹೆಂಡತಿ: ಅಯ್ಯೋ, ನನ್ನದೇನಿದೆ ಸಾರ್? ಎರಡು ಗೆರೆ ಅಳೆದೆ ಅಷ್ಟೆ. ನಿದ್ದೆ ಏನಿದ್ರೂ ಇವರದ್ದೇ, ಮದುವೆಯಾದಾಗಿಂದ ನೋಡ್ತಿದ್ದೀನಿ!