ಅಮೆರಿಕದ ಹುಡುಗನನ್ನು ನಾನು ಒಪ್ಪಿದ್ದು

ಮನುಷ್ಯರನ್ನು ಅಳೆಯುವ ವಿಷಯದಲ್ಲಿ ನನಗೆ ಸ್ವಲ್ಪ ಹೆಸರಿದೆ. ಲಂಡನ್ನಿನ ಹ್ಯಾರೋ ಸುತ್ತಮುತ್ತಲಿನ ಕನ್ನಡದವರ ಮನೆಗಳಲ್ಲಿ ಗಂಡು ನೋಡುವ ಮಾತು ಬಂದರೆ ಮೊದಲ ಫೋನು ಬರುವುದು ನನಗೆ. ಹುಡುಗನ ಫೋಟೊ ಒಂದು ಕಳಿಸಿ, ಸಾಕು. ಅವನು ತಟ್ಟೆ ತೊಳೆಯುವವನೋ ತೊಳೆಸುವವನೋ ಎಂದು ಕೂತಲ್ಲೇ ಹೇಳಬಲ್ಲೆ. ಹಾಗೆ ಹೇಳಿದ್ದು ಕೆಲವು ಸಲ ನಿಜವೂ ಆಗಿದೆ!

ಆದ್ದರಿಂದ ಕಳೆದ ಡಿಸೆಂಬರಿನಲ್ಲಿ ನನ್ನ ಮಗಳು ಮೇಘನಾ ಫೋನು ಮಾಡಿ, "ಅಪ್ಪಾ, ಒಬ್ಬ ಹುಡುಗನ್ನ ನೋಡಿ ಹೇಳ್ಬೇಕಿತ್ತು. ಐ ಟ್ರಸ್ಟ್ ಯುವರ್ ಜಡ್ಜ್‌ಮೆಂಟ್," ಎಂದಾಗ ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ನನ್ನ ಹೆಂಡತಿ ಸುಮಾ ಒಲೆ ಮೇಲಿನ ಸಾರು ಬಿಟ್ಟು ಓಡಿ ಬಂದಳು.

"ಯಾರೇ ಅದು? ಏನ್ ಮಾಡ್ಕೊಂಡಿದಾನೆ?"

"ವೈಡ್ ರಿಸೀವರ್ ಅಮ್ಮಾ. ರೂಕಿ."

ಸುಮಾ ನನ್ನ ಮುಖ ನೋಡಿದಳು. "ಅದೇನ್ರೀ, ಕೆಲಸಾನೋ ಮನೆತನಾನೋ?"

ಎರಡೂ ಅಲ್ಲ. ಮೇಘನಾಳ ಆಫೀಸಿನಲ್ಲಿ ಫ್ಯಾಂಟಸಿ ಫುಟ್‌ಬಾಲ್ ಎಂಬ ಒಂದು ಹುಚ್ಚಿದೆ. ಇಲ್ಲಿಯ ಫುಟ್‌ಬಾಲ್ ಅಲ್ಲ, ಅಮೆರಿಕದ್ದು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದಕ್ಕೆ ಅವರು ಫುಟ್‌ಬಾಲ್ ಎನ್ನುತ್ತಾರೆ. ಅಲ್ಲಿ ನಿಜವಾಗಿ ಆಡುವ ಆಟಗಾರರನ್ನು ಇವರು ಇಲ್ಲಿ ಕೂತು ತಮ್ಮ ತಮ್ಮ ಕಾಗದದ ತಂಡಕ್ಕೆ ಆರಿಸಿಕೊಳ್ಳುತ್ತಾರೆ. ಅವರು ಅಲ್ಲಿ ಚೆನ್ನಾಗಿ ಆಡಿದರೆ ಇವರಿಗೆ ಇಲ್ಲಿ ಅಂಕ. ಮದುವೆ ಬೇರೆಯವರದು, ಅಡುಗೆ ಬೇರೆಯವರದು, ಪಾಯಸ ರುಚಿಯಾದರೆ ಮೆಚ್ಚುಗೆ ಮಾತ್ರ ನಮಗೆ! ಪ್ರತಿ ವಾರ ಯಾರನ್ನು ಆಡಿಸಬೇಕು, ಯಾರನ್ನು ಬೆಂಚಿನಲ್ಲಿ ಕೂರಿಸಬೇಕು ಎಂದು ಫೋನಿನಲ್ಲಿ ಒತ್ತಬೇಕು. ಬೆಂಚಿನಲ್ಲಿ ಕೂತವನು ಅಲ್ಲಿ ಗುಡ್ಡ ಕಡಿದು ಹಾಕಿದರೂ ಇಲ್ಲಿ ಅಂಕವಿಲ್ಲ. ಅಲ್ಲಿ ಆಟ ಶುರುವಾದ ಮೇಲೆ ಬದಲಾಯಿಸುವಂತೆಯೂ ಇಲ್ಲ. ವೈಡ್ ರಿಸೀವರ್ ಎಂದರೆ ದೂರ ಓಡಿ, ಎಸೆದ ಚೆಂಡನ್ನು ಹಿಡಿಯುವವನು. ರೂಕಿ ಎಂದರೆ ಈ ವರ್ಷ ತಾನೇ ಬಂದ ಹೊಸಬ.

ಆ ಆಫೀಸಿನ ಗಂಡಸರ ಮಧ್ಯೆ ಆಡುವ ಹೆಣ್ಣು ಇವಳೊಬ್ಬಳೇ. ಗ್ರೆಗ್ ಎಂಬ ಸಹೋದ್ಯೋಗಿ ಮೊದಲ ದಿನವೇ, "ಪಾಪ, ಒಂದೆರಡು ವಾರ ಆಡಿ ಬಿಟ್ಟುಬಿಡ್ತಾಳೆ," ಎಂದಿದ್ದನಂತೆ. ಇವಳು ಬಿಡಲಿಲ್ಲ. ಕೊಲಿಂಡೇಲಿನ ತನ್ನ ಫ್ಲಾಟಿನಿಂದ ಟ್ಯೂಬ್ ರೈಲಿನಲ್ಲಿ ಹೋಗುವಾಗ ಬರುವಾಗ ಓದಿ ಓದಿ, ಒಬ್ಬೊಬ್ಬರನ್ನೇ ಸೋಲಿಸಿ ಫೈನಲಿಗೆ ಬಂದಳು. ಫೈನಲಿನಲ್ಲಿ ಎದುರಾಳಿ ಅದೇ ಗ್ರೆಗ್! ಗೆದ್ದರೆ ಒಂದು ಹಿತ್ತಾಳೆ ಕಪ್ ವರ್ಷವಿಡೀ ಅವಳ ಮೇಜಿನ ಮೇಲೆ, ಗ್ರೆಗ್‌ನ ಕಣ್ಣೆದುರಿಗೆ ಇರುತ್ತದೆ.

ತೊಂದರೆ ಏನೆಂದರೆ ಅವಳು ಗೆಳತಿಯ ಮದುವೆಗೆ ಬೆಂಗಳೂರಿಗೆ ಹೋಗುವವಳಿದ್ದಳು. ಫೈನಲಿನ ಭಾನುವಾರ ವಾಪಸು ಬರುವ ವಿಮಾನದಲ್ಲಿರುತ್ತಾಳೆ. ಅವಳ ತಂಡದ ಹಿರಿಯ ರಿಸೀವರ್‌ನ ಮಂಡಿ ನೋಯುತ್ತಿದೆ. ಅವನು ಆಡುತ್ತಾನೋ ಇಲ್ಲವೋ ಎನ್ನುವುದು ಆಟಕ್ಕೆ ಒಂದೂವರೆ ಗಂಟೆ ಮೊದಲಷ್ಟೇ ತಿಳಿಯುತ್ತದೆ.

"ಅವನು ಔಟ್ ಅಂದ್ರೆ ಹುಡುಗನ್ನ ಹಾಕಿ, ನೋ ಕ್ವೆಶ್ಚನ್. ಕುಂಟ್ಕೊಂಡ್ ಆಡ್ತಾನೆ ಅಂದ್ರೆ, ಅವನಾ ಹುಡುಗನಾ ಅಂತ ನೀವೇ ಡಿಸೈಡ್ ಮಾಡಿ. ನನ್ನ ಲಾಗಿನ್ ನಿಮ್ಮ ಫೋನಿಗೆ ಕಳಿಸ್ತೀನಿ. ಜಸ್ಟ್ ಒನ್ ಕ್ಲಿಕ್ ಅಪ್ಪಾ. ಪ್ಲೀಸ್ ಡೋಂಟ್ ಓವರ್‌ಥಿಂಕ್."

ಮನೆ ಬಿಟ್ಟು ಫ್ಲಾಟಿಗೆ ಹೋದ ಮೇಲೆ ಅವಳು ನನ್ನನ್ನು ಏನೂ ಕೇಳಿದವಳಲ್ಲ. ನಲ್ಲಿ ಸೋರಿದರೆ ವಿಡಿಯೊ ನೋಡಿ ತಾನೇ ಸರಿಮಾಡುತ್ತಾಳೆ. ನಾನು ಡ್ರಿಲ್ ಮೆಷೀನು ಹಿಡಿದು ಬಾಗಿಲಿಗೆ ಹೋದರೆ ಕಾಫಿ ಕೊಟ್ಟು ಕಳಿಸುತ್ತಾಳೆ. ಅಂಥವಳು ಕೇಳಿದ್ದಾಳೆ. ಒಂದು ಕ್ಲಿಕ್ಕಿನಲ್ಲಿ ಮುಗಿಸಿ ಅವಳಿಗೆ ಅವಮಾನ ಮಾಡಲೇ? ಸಮಗ್ರ ಪರಿಶೀಲನೆ ನಡೆಸತಕ್ಕದ್ದು ಎಂದು ತೀರ್ಮಾನಿಸಿದೆ.

ಹುಡುಗನ ಸಂದರ್ಶನಗಳನ್ನೆಲ್ಲ ಟಿವಿಯಲ್ಲಿ ಹಾಕಿ ನೋಡಿದೆವು. ಪ್ರತಿ ಸಲವೂ ಮೊದಲು ತಾಯಿಗೆ ಥ್ಯಾಂಕ್ಸ್ ಹೇಳಿದ. ಒಳ್ಳೆಯ ಲಕ್ಷಣ. ಕಾಲೇಜು ಮಾತ್ರ ಎರಡು ಸಲ ಬದಲಾಯಿಸಿದ್ದ.

"ನಿಂತಲ್ಲಿ ನಿಲ್ಲೋ ಸ್ವಭಾವ ಅಲ್ಲ ಅನ್ಸುತ್ತೆ," ಎಂದೆ.

"ಓಡೋದೇ ಅವನ ಕೆಲಸ ಅಲ್ವೇನ್ರೀ?" ಎಂದಳು ಸುಮಾ.

"ಕಿವೀಲಿ ವಜ್ರದ ಓಲೆ ಬೇರೆ."

"ನಿಮ್ಮ ತಾತನ ಕಿವೀಲೂ ಇತ್ತು. ಸುಮ್ನೆ ಆಟ ನೋಡಿ. ಚೆಂಡು ಕೈಗೆ ಬಂದ್ರೆ ಬಿಡಲ್ಲ ಅವನು."

ಆಟ ನೋಡುವುದು ಯಾರಿಗೂ ಬರುತ್ತದೆ. ನನಗೆ ಬೇಕಾಗಿದ್ದದ್ದು ಮನೆಯ ಕಡೆಯ ವಿಚಾರ. ಇಲ್ಲೇ ಹತ್ತಿರ ಸ್ಟ್ಯಾನ್ಮೋರಿನಲ್ಲಿರುವ ನನ್ನ ಗೆಳೆಯ, ಉಡುಪಿ ಕಡೆಯ ಕಾಮತರಿಗೆ ಫೋನು ಮಾಡಿದೆ. ಗಂಡು ನೋಡುವ ಕೆಲಸದಲ್ಲಿ ಅವರು ನನ್ನ ಜೊತೆಗಾರರು.

"ಎಂತ ಮಾರಾಯ್ರೆ, ಆ ಹುಡುಗ ಆಡುವ ಊರಲ್ಲೇ ನಮ್ಮ ಭಾವನ ಮಗ ಇದ್ದಾನೆ. ವಿಚಾರಿಸಿದ್ರೆ ಆಯ್ತಲ್ಲ!" ಎಂದರು.

ಎರಡು ದಿನದಲ್ಲಿ ವರದಿ ಬಂತು. ಭಾವನ ಮಗ ಹುಡುಗನನ್ನು ನೋಡಿಲ್ಲ. ಆದರೆ ಅವನ ಪಕ್ಕದ ಮನೆಯವರು ಹುಡುಗನನ್ನು ಒಂದು ಸಲ ಅಂಗಡಿಯಲ್ಲಿ ನೋಡಿದ್ದಾರೆ. ಸರದಿಯಲ್ಲಿ ತಾಳ್ಮೆಯಿಂದ ನಿಂತಿದ್ದನಂತೆ. ಕಾರನ್ನು ಬಹಳ ನಿಧಾನವಾಗಿ ಓಡಿಸಿಕೊಂಡು ಹೋದನಂತೆ. ಅಳಿಯನಾಗಲು ಇದಕ್ಕಿಂತ ಹೆಚ್ಚಿನದೇನು ಬೇಕು? ಆದರೆ ನಿಧಾನಸ್ಥ ಮೈದಾನದಲ್ಲಿ ಓಡುತ್ತಾನೆಯೇ? ಈ ಚಿಂತೆಯಲ್ಲಿ ನನಗೆ ಊಟ ಸೇರಲಿಲ್ಲ.

ಅಂತೂ ಶನಿವಾರ ಸಂಜೆ ನಾನು, ಸುಮಾ, ಫೋನಿನಲ್ಲಿ ಕಾಮತರು, ಮೂವರೂ ಸೇರಿ ಹುಡುಗನನ್ನು ಒಪ್ಪಿದೆವು. ಹಿರಿಯನು ಕುಂಟುತ್ತ ಬಂದರೂ ಸರಿ, ಬರದಿದ್ದರೂ ಸರಿ, ಹುಡುಗನೇ ಆಡತಕ್ಕದ್ದು. ಈ ಕಥೆಯಲ್ಲಿ ನಾನು ತೆಗೆದುಕೊಂಡ ಸರಿಯಾದ ನಿರ್ಧಾರ ಇದೊಂದೇ. ದಯವಿಟ್ಟು ನೆನಪಿಟ್ಟುಕೊಳ್ಳಿ. ಒತ್ತುವುದನ್ನು ಮಾತ್ರ, ಮಗಳು ಹೇಳಿದ ಹಾಗೆ, ಹಿರಿಯನ ಸುದ್ದಿ ಬಂದ ಮೇಲೆ ಎಂದು ಇಟ್ಟುಕೊಂಡೆ.

ಭಾನುವಾರ ನಾಲ್ಕೂವರೆಗೆ ಸುದ್ದಿ ಬಂತು. ಹಿರಿಯ ಆಡುವುದಿಲ್ಲ.

"ನೋಡಿದ್ರಾ? ಹಾಕಿ ಹುಡುಗನ್ನ," ಎಂದಳು ಸುಮಾ.

ಫೋನು ಕೈಗೆತ್ತಿಕೊಂಡೆ. ಅಡುಗೆಮನೆಯ ಗೋಡೆಯಲ್ಲಿ ಊರಿಂದ ತರಿಸಿದ ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ಭಾನುವಾರ. ರಾಹುಕಾಲ ನಾಲ್ಕೂವರೆಯಿಂದ ಆರು.

"ತಡಿ ತಡಿ," ಎಂದೆ. "ಹೊಸ ಹುಡುಗ. ಮಗಳ ಜೀವನದ ಮೊದಲ್ನೇ ಫೈನಲ್. ರಾಹುಕಾಲದಲ್ಲಿ ಕೂರಿಸೋದಾ?"

"ಅದು ಫೋನ್ ಒತ್ತೋದು ಕಣ್ರೀ, ಹಸೆಮಣೆ ಅಲ್ಲ!"

"ಮನೆ ತಗೊಂಡಾಗ ಬೀಗದಕೈ ಇಸ್ಕೊಂಡಿದ್ದು ಯಾವಾಗ? ಇವಳು ಕೆಲ್ಸಕ್ಕೆ ಸೇರಿದಾಗ ಸಹಿ ಹಾಕಿದ್ದು ಯಾವಾಗ? ಎಲ್ಲಾ ಟೈಮ್ ನೋಡೇ ಅಲ್ವಾ ಮಾಡಿದ್ದು?"

"ಆಟ ಆರಕ್ಕೆ ಶುರು ಅಂದಿದಾಳಲ್ಲ!"

"ರಾಹುಕಾಲನೂ ಆರಕ್ಕೇ ಮುಗಿಯುತ್ತೆ. ಸರಿಹೋಯ್ತಲ್ಲ!"

ನನ್ನ ಲೆಕ್ಕಾಚಾರಕ್ಕೆ ಆಧಾರವಿತ್ತು. ಈ ಊರಿನಲ್ಲಿ ನಾನು ನೋಡಿದ ಕನ್ನಡದ ಕಾರ್ಯಕ್ರಮ ಒಂದಾದರೂ ಹೇಳಿದ ಹೊತ್ತಿಗೆ ಶುರುವಾಗಿದ್ದಿಲ್ಲ. ಆರು ಗಂಟೆ ಎಂದರೆ ಜನ ಮನೆಯಿಂದ ಹೊರಡುವ ಹೊತ್ತು. ಅಮೆರಿಕದವರಿಗಾದರೂ ರಾಷ್ಟ್ರಗೀತೆ ಇಲ್ಲವೇ? ಸ್ವಾಗತ ಭಾಷಣ ಇಲ್ಲವೇ? ಗಣ್ಯರಿಗೆ ಹೂಗುಚ್ಛ ಕೊಡಬೇಡವೇ? ಕಾಲು ಗಂಟೆಯಾದರೂ ಸಿಕ್ಕೇ ಸಿಗುತ್ತದೆ.

ಆರಕ್ಕೆ ಸ್ವಲ್ಪ ಮೊದಲು ಕೈಕಾಲು ತೊಳೆದು ಬಂದು ದೀಪ ಹಚ್ಚಿದೆ. ಗಡಿಯಾರದ ಮುಳ್ಳು ಆರನ್ನು ದಾಟಲು ಬಿಟ್ಟೆ. ಗಣಪತಿಯನ್ನು ನೆನೆದು, ಬಲಗೈ ಬೆರಳಿನಿಂದಲೇ ಹುಡುಗನ ಹೆಸರನ್ನು ಒತ್ತಿದೆ.

ಹೆಸರು ಅಲುಗಲಿಲ್ಲ. ಪಕ್ಕದಲ್ಲಿ ಒಂದು ಪುಟ್ಟ ಬೀಗದ ಚಿತ್ರ ಬಂತು.

ಮತ್ತೆ ಒತ್ತಿದೆ. ಎಡಗೈಯಿಂದ ಒತ್ತಿದೆ. ಸುಮಾ ಒತ್ತಿದಳು. ಫೋನು ಆರಿಸಿ ಹಚ್ಚಿ ಒತ್ತಿದೆವು. ಬೀಗ ಬೀಗವೇ! ಟಿವಿ ಹಾಕಿದರೆ ಆಟ ಶುರುವಾಗಿಬಿಟ್ಟಿದೆ. ಭಾಷಣವೂ ಇಲ್ಲ, ಹೂಗುಚ್ಛವೂ ಇಲ್ಲ. ಎಂಥ ಜನ!

ಮೇಘನಾಳ ತಂಡದಲ್ಲಿ ಆಡುತ್ತಿದ್ದವನು ಮಂಡಿಗೆ ಪಟ್ಟಿ ಕಟ್ಟಿಕೊಂಡು ಮೈದಾನದ ಅಂಚಿನಲ್ಲಿ ಚಹಾ ಕುಡಿಯುತ್ತಿದ್ದ ಹಿರಿಯ. ಬೆಂಚಿನಲ್ಲಿ ಕೂತಿದ್ದವನು ನಮ್ಮ ಹುಡುಗ. ಅವನು ಆ ಗಳಿಗೆಯಲ್ಲೇ ಮೊದಲ ಚೆಂಡು ಹಿಡಿದು, ಇಬ್ಬರನ್ನು ದಾಟಿ, ಮೈದಾನದ ಕೊನೆ ಮುಟ್ಟಿ ಟಚ್‌ಡೌನ್ ಮಾಡಿ, ಆಕಾಶ ನೋಡಿ ಕೈ ಮುಗಿದ. ಎಂಥ ಸಂಸ್ಕಾರವಂತ!

ನಾವು ಮಗಳನ್ನು ಕರೆತರಲು ಏರ್‌ಪೋರ್ಟಿಗೆ ಹೊರಟೆವು. ದಾರಿಯುದ್ದಕ್ಕೂ ನಾನು ಒಂದು ಸುಳ್ಳನ್ನು ತಯಾರಿಸಿಕೊಂಡೆ. ಹೇಳಲು ನಾಚಿಕೆಯಾಗುತ್ತದೆ, ಅದು ಒಳ್ಳೆಯ ಸುಳ್ಳೂ ಆಗಿರಲಿಲ್ಲ.

ಮೇಘನಾ ಟ್ರಾಲಿ ತಳ್ಳಿಕೊಂಡು ನಗುತ್ತ ಹೊರಬಂದಳು. ಅಮ್ಮನನ್ನು ತಬ್ಬಿದಳು, ನನ್ನನ್ನು ತಬ್ಬಿದಳು. "ಅಪ್ಪಾ, ಅವನು ಟೂ ಟಚ್‌ಡೌನ್ಸ್! ಲ್ಯಾಂಡ್ ಆದ ತಕ್ಷಣ ನೋಡ್ದೆ. ಯು ಆರ್ ಎ ಜೀನಿಯಸ್!" ಎಂದಳು. ತನ್ನ ತಂಡವನ್ನು ತೆರೆದು ನೋಡಿರಲಿಲ್ಲ ಅವಳು. ನನ್ನ ಮೇಲೆ ಅಷ್ಟು ನಂಬಿಕೆ.

ನಾನು ಟ್ರಾಲಿ ಕಸಿದುಕೊಂಡು ಕಾರಿನ ಕಡೆ ಓಡಿದೆ. ಆ ವೇಗ ಕಂಡಿದ್ದರೆ ಯಾವ ತಂಡವಾದರೂ ನನ್ನನ್ನು ರಿಸೀವರ್ ಮಾಡಿಕೊಳ್ಳುತ್ತಿತ್ತು.

ಕಾರು ಹೊರಟ ಮೇಲೆ ಹಿಂದಿನ ಸೀಟಿನಲ್ಲಿ ಮೇಘನಾ ಫೋನಿನಲ್ಲಿ ತನ್ನ ತಂಡ ತೆರೆದಳು.

"ಅಪ್ಪಾ. ಅವನು ಬೆಂಚಲ್ಲಿ ಯಾಕಿದಾನೆ?"

"ಇಂಟರ್ನೆಟ್ಟು ಸ್ವಲ್ಪ..." ಎಂದು ಶುರುಮಾಡಿದೆ.

"ರಾಹುಕಾಲ ಅಂತ ಕೂತಿದ್ರು," ಎಂದಳು ಸುಮಾ. ಒಂದೇ ವಾಕ್ಯ. ಮೂವತ್ತು ವರ್ಷದ ದಾಂಪತ್ಯ!

"ವಾಟ್ಸ್ ರಾಹುಕಾಲ?"

ಮೋಟರ್‌ವೇಯಲ್ಲಿ ಕಾರು ಓಡಿಸುತ್ತ ನಾನು ಗಂಭೀರವಾಗಿ ವಿವರಿಸಿದೆ. ದಿನದಲ್ಲಿ ಒಂದಿಷ್ಟು ಹೊತ್ತು ಒಳ್ಳೆಯದಲ್ಲ. ಆಗ ಶುರುಮಾಡಿದ ಕೆಲಸ ಕೆಡುತ್ತದೆ.

ಅವಳು ಯೋಚಿಸಿದಳು. "ಸೋ ನೀವು ಶುರು ಮಾಡ್ಲಿಲ್ಲ. ಆದ್ರೂ ಕೆಟ್ಟೋಯ್ತು."

ಅಷ್ಟರಲ್ಲಿ ಅವಳ ಫೋನು ಟಿಂಗ್ ಎಂದಿತು. ಹುಡುಗ ಮತ್ತೊಂದು ಚೆಂಡು ಹಿಡಿದಿದ್ದ. ಸ್ವಲ್ಪ ಮುಂದೆ ಹೋದರೆ ಮತ್ತೆ ಟಿಂಗ್. ಇನ್ನೊಂದು ಟಿಂಗ್! ಕಾರು ನಿಧಾನವಾಗಿ ಓಡಿಸುವ ಆ ಹುಡುಗ ಅಲ್ಲಿ ಕುದುರೆಯ ಹಾಗೆ ಓಡುತ್ತಿದ್ದ. ಪ್ರತಿ ಟಿಂಗ್‌ಗೂ ನಾನು ಸೀಟಿನಲ್ಲಿ ಸ್ವಲ್ಪ ಸ್ವಲ್ಪ ಕುಗ್ಗಿದೆ. ಹ್ಯಾರೋ ಹತ್ತಿರ ಬರುವ ಹೊತ್ತಿಗೆ ನನಗೆ ಸ್ಟೀರಿಂಗ್ ಮೇಲಿಂದ ರಸ್ತೆ ಕಾಣುವುದೇ ಕಷ್ಟವಾಗಿತ್ತು.

"ಅಪ್ಪಾ," ಎಂದಳು ಫೋನು ನೋಡುತ್ತ. "ರಾಹುಕಾಲ ಸನ್‌ರೈಸ್, ಸನ್‌ಸೆಟ್ ಮೇಲೆ ಹೋಗುತ್ತಂತೆ. ನಿಮ್ಮ ಕ್ಯಾಲೆಂಡರ್ ಬೆಂಗಳೂರಿಂದು. ಇಲ್ಲಿ ನಾಲ್ಕಕ್ಕೆಲ್ಲ ಸೂರ್ಯ ಮುಳುಗಿದಾನೆ. ಇಲ್ಲಿನ ರಾಹುಕಾಲನೂ ಆಗ್ಲೇ ಮುಗಿದೋಗಿತ್ತು."

ಹೌದು. ಹಿರಿಯ ಆಡುವುದಿಲ್ಲ ಎಂಬ ಸುದ್ದಿ ಬರುವ ಮೊದಲೇ ಲಂಡನ್ನಿನ ರಾಹು ತನ್ನ ಕೆಲಸ ಮುಗಿಸಿ ಮನೆಗೆ ಹೋಗಿದ್ದ. ಕಿಟಕಿಯ ಹೊರಗೆ ಕಗ್ಗತ್ತಲಾಗಿತ್ತು. ನಾನು ದೀಪ ಹಚ್ಚಿಕೊಂಡು ಕೂತು ಬೆಂಗಳೂರಿನ ಬಿಸಿಲಿನ ಲೆಕ್ಕ ಹಾಕುತ್ತಿದ್ದೆ!

ಮೇಘನಾ ಸೋತಳು. ಸ್ವಲ್ಪದರಲ್ಲೇ ಸೋತಳು. ಹುಡುಗನ ಅಂಕದಲ್ಲಿ ಅರ್ಧ ಸಿಕ್ಕಿದ್ದರೂ ಗೆಲ್ಲುತ್ತಿದ್ದಳು. ಅವಳು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ಬಡಿಸಿದ ಅನ್ನ ಸಾರು ಉಂಡು, "ಇಟ್ಸ್ ಓಕೆ ಅಪ್ಪಾ, ಇಟ್ಸ್ ಜಸ್ಟ್ ಎ ಗೇಮ್," ಎಂದು ನನ್ನ ಭುಜ ತಟ್ಟಿದಳು. ಚಿಕ್ಕವಳಿದ್ದಾಗ ಅವಳು ಓಟದಲ್ಲಿ ಕೊನೆಗೆ ಬಂದರೆ ನಾನು ಹಾಗೆಯೇ ತಟ್ಟುತ್ತಿದ್ದೆ. ನನಗೆ ತಲೆ ಎತ್ತಲಾಗಲಿಲ್ಲ. ಅವಳು ಟ್ಯೂಬಿನಲ್ಲಿ ನಿಂತು ಓದಿದ್ದೆಲ್ಲ ನನ್ನ ಒಂದು ಬೆರಳಿನಿಂದ ಹೋಯಿತಲ್ಲ!

ಹೊಸ ವರ್ಷ ಕಳೆದು ಒಂದು ಮಧ್ಯಾಹ್ನ ಊಟಕ್ಕೆ ಬಂದವಳು, "ಕಪ್ ಕೊಟ್ಟಿದ್ದರ ವಿಡಿಯೊ ಇದೆ, ನೋಡಿ," ಎಂದು ಟಿವಿಗೆ ಹಾಕಿದಳು. ಪಬ್ಬಿನಲ್ಲಿ ಗ್ರೆಗ್ ಕುರ್ಚಿಯ ಮೇಲೆ ಹತ್ತಿ ನಿಂತಿದ್ದ, ಕೈಯಲ್ಲಿ ಹಿತ್ತಾಳೆ ಕಪ್. ಈ ಗೆಲುವು ನನ್ನೊಬ್ಬನದಲ್ಲ, ಎಂದ. ಇದಕ್ಕೆ ಕಾರಣರಾದ ಮಹನೀಯರೊಬ್ಬರಿದ್ದಾರೆ, ಎಂದ. ಕಪ್ ಎತ್ತಿ ಹಿಡಿದು, ತಡವರಿಸದೆ, ಒಂದಕ್ಷರ ನುಂಗದೆ ಕೂಗಿದ: "ಥ್ಯಾಂಕ್ಯೂ, ಮಿಸ್ಟರ್ ಅನಂತಪದ್ಮನಾಭ!"

ಇಡೀ ಪಬ್ಬು ಚಪ್ಪಾಳೆ ತಟ್ಟಿತು. ಈ ದೇಶದಲ್ಲಿ ಇಷ್ಟು ವರ್ಷ ಕೆಲಸ ಮಾಡಿದ್ದೇನೆ. ಬಾಸಿನಿಂದ ಹಿಡಿದು ಜಿಪಿ ಡಾಕ್ಟರವರೆಗೆ ಒಬ್ಬರ ಬಾಯಲ್ಲೂ ನನ್ನ ಹೆಸರು ಪೂರ್ತಿಯಾಗಿ ಬಂದದ್ದಿಲ್ಲ.

"ಯಾರೇ ಕಲಿಸಿದ್ದು ಅವನಿಗೆ?" ಎಂದೆ.

"ನಾನೇ. ಒಂದು ವಾರ ಪ್ರಾಕ್ಟೀಸ್ ಮಾಡ್ಸಿದೀನಿ," ಎಂದಳು ಮೇಘನಾ. "ಕಪ್ ಗೆಲ್ಸಿ ಕೊಟ್ಟವರ ಹೆಸರು ತಪ್ಪು ಹೇಳ್ಬಾರ್ದಲ್ವಾ ಅಪ್ಪಾ?"

"ಚೆನ್ನಾಗ್ ಹೇಳ್ದ ಕಣೇ," ಎಂದಳು ಸುಮಾ. "ಇನ್ನೊಂದ್ ಸಲ ಹಾಕು."