ಮೀನಲ್ಲದ ಮೀನು

ಸಾಹಿತ್ಯದಲ್ಲಿ ಸಂಕೇತ ಹುಡುಕುವುದರಲ್ಲಿ ನನ್ನನ್ನು ಮೀರಿಸುವವರು ಕೆ.ಜಿ.ಎಫ್.ನಲ್ಲಿ ಯಾರೂ ಇಲ್ಲವೆಂದು ನಾನು ನಂಬಿದ್ದೆ. ಬೇರೆ ಯಾರೂ ಹಾಗೆ ಹೇಳಿರಲಿಲ್ಲ, ಅಷ್ಟೇ! ಆದ್ದರಿಂದ ನಮ್ಮ ಕಾರ್ಖಾನೆ ಕ್ವಾರ್ಟರ್ಸಿನ ಓದುಗರ ಬಳಗದವರು, ಮುದುಕ ಬೆಸ್ತನೊಬ್ಬ ಕಡಲಲ್ಲಿ ಭಾರಿ ಮೀನಿನೊಡನೆ ಸೆಣಸುವ ಆ ಹೆಸರಾಂತ ಕಿರುಕಾದಂಬರಿಯ ಬಗ್ಗೆ ಮಾತಾಡಿ ಎಂದಾಗ ತಕ್ಷಣ ಒಪ್ಪಿದೆ.

"ಮುದುಕ ಎಂದರೆ ಮನುಕುಲ, ಕಡಲು ಎಂದರೆ ಬದುಕು, ಮೀನು ಎಂದರೆ..." ಎಂದು ಹೆಂಡತಿ ಸುಜಾತಳ ಮುಂದೆ ಅಭ್ಯಾಸ ಮಾಡಿದೆ.

"ಮೀನು ಅಂದ್ರೆ ಮೀನು ಕಣ್ರೀ. ನಾಳೆ ಅಪ್ಪ ಕೊಡ್ತಾರೆ, ಸೀದಾ ಮನೆಗೆ ತನ್ನಿ," ಎಂದಳು.

ಬೂದಿಕೋಟೆ ಕಡೆಯ ಕೆರೆಯಲ್ಲಿ ಮೀನು ಹಿಡಿದಾಗ ಮಾವ ದೊಡ್ಡದೊಂದನ್ನು ಆರಿಸಿ ತಂದು, ಮಗಳ ಕೈಯಲ್ಲೇ ಸಾರು ಮಾಡಿಸಿ ಉಣ್ಣುವುದು ವಾಡಿಕೆ. ಭಾನುವಾರ ಬೆಳಿಗ್ಗೆ ಬಂಗಾರಪೇಟೆ ಬಸ್ ನಿಲ್ದಾಣದಲ್ಲಿ ತೋಳುದ್ದದ ಮೀನನ್ನು ನನ್ನ ಕೈಗಿತ್ತರು.

"ಅಳಿಯಂದ್ರೇ, ಪೇಟೇಲಿ ಒಸಿ ಕೆಲ್ಸ ಐತೆ. ನೀವು ಮುಂದೆ ಓಗಿ, ಊಟದೊತ್ತಿಗೆ ಬತ್ತೀನಿ. ವರ್ಸದಿಂದ ಕಾಯ್ತಾ ಇವ್ನಿ ಈ ಸಾರಿಗೆ!"

ಕೆ.ಜಿ.ಎಫ್.ಗೆ ಮರಳುವ ಮಾರಿಕುಪ್ಪಂ ರೈಲಿನಲ್ಲಿ ನನಗೆ ಜ್ಞಾನೋದಯವಾಯಿತು. ಇವತ್ತಿನ ಸಭೆಗೆ ಸಾಕ್ಷಾತ್ ಸಂಕೇತವನ್ನೇ ಒಯ್ದರೆ!

ಒಯ್ದೆ. ನನ್ನ ಬೆನ್ನ ಹಿಂದೆ, ತೆರೆದ ಕಿಟಕಿಯ ಪಕ್ಕದ ಮೇಜಿನ ಮೇಲೆ ಮೀನನ್ನು ಮಲಗಿಸಿ ಘೋಷಿಸಿದೆ: "ಮಹನೀಯರೇ, ನಿಮಗೆ ಕಾಣುತ್ತಿರುವುದು ಮೀನಲ್ಲ!"

ಆಕಳಿಸುತ್ತಿದ್ದವರು ಸ್ವಲ್ಪ ಹೊತ್ತಿಗೆ ನೆಟ್ಟಗೆ ಕೂತರು. ಮುದುಕನ ಮೀನನ್ನು ಶಾರ್ಕುಗಳು ದಾರಿಯುದ್ದಕ್ಕೂ ಕಿತ್ತು ತಿನ್ನುವ ಭಾಗಕ್ಕೆ ಬಂದಾಗ ಎಲ್ಲರ ಕಣ್ಣೂ ಅರಳಿದ್ದವು. ಹಿಂದಿನ ಸಾಲಿನವರು ಎದ್ದೇ ನಿಂತರು. ಇಂಥ ಸಭಿಕರು ಯಾರಿಗೆ ಸಿಗುತ್ತಾರೆ!

ಪಕ್ಕದ ಮನೆಯ ಸೆಲ್ವಂ ಕೈ ಎತ್ತಿದ. "ಸಾರ್, ಪಿನ್ನಾಡಿ ಪಾರುಂಗ, ಹಿಂದೆ..."

"ಪ್ರಶ್ನೆಗಳು ಕೊನೆಗೆ!" ಎಂದು ಗದರಿಸಿ ಮುಂದುವರಿಸಿದೆ. "ಶಾರ್ಕುಗಳೆಂದರೆ ಕಾಲ. ನಾವು ಗಳಿಸಿದ್ದನ್ನೆಲ್ಲ ಅದು ನಮ್ಮ ಕಣ್ಣೆದುರೇ ಕಬಳಿಸುತ್ತದೆ!"

ಭಾರಿ ಚಪ್ಪಾಳೆ! ಕೈಮುಗಿದು ತಿರುಗಿದೆ. ಕ್ವಾರ್ಟರ್ಸಿನ ಬೆಕ್ಕುಗಳೆಲ್ಲ ಮೇಜಿನ ಮೇಲೆ ನೆರೆದು ಮೀಸೆ ಒರೆಸಿಕೊಳ್ಳುತ್ತಿದ್ದವು. ಮೀನಿನಲ್ಲಿ ಉಳಿದಿದ್ದು ತಲೆ, ಬಾಲ, ನಡುವೆ ಮುಳ್ಳು.

"ಅದನ್ನೇ ಹೇಳೋಕೆ ಬಂದೆ ಸಾರ್," ಎಂದ ಸೆಲ್ವಂ. "ನೀವೇ ಮೀನಲ್ಲ ಅಂದ್ರಲ್ಲ, ಬೆಕ್ಕುಗಳನ್ನೂ ನೀವೇ ಏರ್ಪಾಟು ಮಾಡಿದೀರ ಅಂದ್ಕೊಂಡ್ವಿ. ರೊಂಬ ಚೆನ್ನಾಗಿತ್ತು!"

ಮನೆಯಲ್ಲಿ ಸುಜಾತ ಖಾರ ರುಬ್ಬಿಟ್ಟು ಕಾಯುತ್ತಿದ್ದಳು. ಮಾವ ಆಗಲೇ ಕೈ ತೊಳೆದು ಕೂತಿದ್ದರು. ನಾನು ಮುಳ್ಳು ತುಂಬಿ ತಂದಿದ್ದ ಚೀಲದೊಳಗೆ ಇಣುಕಿದ ಅವರ ಮುಖ ಬಾಡಿತು.

"ಇದೇನು ಅಳಿಯಂದ್ರೇ?"

ಭಾಷಣದಿಂದ ಬೆಕ್ಕುಗಳವರೆಗೆ ಎಲ್ಲವನ್ನೂ ಒಪ್ಪಿಸಿದೆ.

"ಅದು ಮೀನಲ್ವಂತೆ ಬಿಡಪ್ಪ," ಎಂದಳು ಸುಜಾತ.

ಅವರ ತಟ್ಟೆಗೆ ಬಿಸಿ ಮುದ್ದೆ, ಬೇಳೆಸಾರು ಬಿತ್ತು. ನನ್ನ ಮುಂದೆ ಬರೀ ತಟ್ಟೆ.

"ನನ್ನ ಮುದ್ದೆ ಎಲ್ಲೇ?"

"ತಟ್ಟೇಲೇ ಐತಲ್ಲ. ಸಂಕೇತ ಹುಡುಕೋದ್ರಲ್ಲಿ ನಿಮ್ಮನ್ನ ಮೀರಿಸೋರುಂಟಾ? ಹುಡುಕಿ!"

ಬಹಳ ಹೊತ್ತು ಹುಡುಕಿದೆ. ಖಾಲಿ ತಟ್ಟೆ ಎಂದರೆ ಖಾಲಿ ತಟ್ಟೆ.