ಶನಿವಾರದ ಎದುರಾಳಿಯನ್ನು ಕಡ್ಡಾಯವಾಗಿ ಹೊಗಳುವ ಕುರಿತು

ಲೂಪ್ ವ್ಯಾಲಿ ಕಾಲೇಜು, ನೆಬ್ರಾಸ್ಕ
ಕ್ರೀಡಾ ಕಚೇರಿ (ಎರಡನೇ ಮಹಡಿ, ಪ್ರಿಂಟರ್ ಪಕ್ಕ)

ಸಂಖ್ಯೆ: ಲೂವ್ಯಾಕಾ/ಎದುರಾಳಿ/ಹೊಗಳಿಕೆ/17
ದಿನಾಂಕ: ಗುರುವಾರ, ನವೆಂಬರ್ 2

ವಿಷಯ: ಬರುವ ಶನಿವಾರದ ಅಮೆರಿಕನ್ ಫುಟ್ಬಾಲ್ ಪಂದ್ಯದ ಎದುರಾಳಿಯಾದ ಬ್ರಾಕೆಟ್ ಕಾಲೇಜು ತಂಡವನ್ನೂ ಅದರ ಕೋಚ್ ಶ್ರೀ ರಸ್ಟಿ ಕೋಲ್ಟರ್‌ಮನ್ ಅವರನ್ನೂ ಅಳೆಯುವ, ತೂಗುವ ಮತ್ತು ಹೊಗಳುವ ಬಗ್ಗೆ.

ಉಲ್ಲೇಖ:
(1) ಕಳೆದ ವರ್ಷದ ಸೋಲು, 31–3.
(2) ದಿನಸಿ ಅಂಗಡಿಯಲ್ಲಿ ಶ್ರೀಮತಿ ಲವೋನ್ ವಾಚಲ್ ಅವರು ಆಡಿದ ಮಾತು.
(3) ಆಡಳಿತ ಮಂಡಳಿಯ ಅಕ್ಟೋಬರ್ 30ರ ನಿರ್ಣಯ.

ಉಲ್ಲೇಖ (1) ಸಂಭವಿಸಿದ್ದು ಉಲ್ಲೇಖ (2)ರಿಂದಲೇ ಎಂಬುದು ಈ ಕಚೇರಿಯ ವಿಚಾರಣೆಯಲ್ಲಿ ಸಾಬೀತಾಗಿದೆ. ಕಳೆದ ವರ್ಷ ಪಂದ್ಯದ ವಾರ, ನಮ್ಮ ಕ್ಯಾಂಟೀನಿನ ಮುಖ್ಯ ಅಡುಗೆಯವರಾದ ಶ್ರೀಮತಿ ವಾಚಲ್ ಅವರು ಬಿಲ್ಲಿನ ಸಾಲಿನಲ್ಲಿ ನಿಂತು, "ಬ್ರಾಕೆಟ್ ಹುಡುಗ್ರಾ? ಅಯ್ಯೋ, ನಮ್ಮ ಚರ್ಚಿನ ಹೊಲಿಗೆ ಸಂಘದ ಹೆಂಗಸ್ರು ಅವರಿಗಿಂತ ಜೋರಾಗಿ ಓಡ್ತಾರೆ. ಅದೂ ಸೂಜಿ ಕೈಲಿಟ್ಕೊಂಡು!" ಎಂದು ನುಡಿದರು. ಅವರ ಹಿಂದೆ ನಿಂತಿದ್ದವರು ಬ್ರಾಕೆಟ್ ಊರಿನ ಹಲ್ಲಿನ ಡಾಕ್ಟರು. ಮರುದಿನ ಬೆಳಗ್ಗೆ ಆ ಮಾತು ಬ್ರಾಕೆಟ್ ಹುಡುಗರು ಬಟ್ಟೆ ಬದಲಿಸುವ ಕೋಣೆಯ ಗೋಡೆಯ ಮೇಲಿತ್ತು. ಎದುರಾಳಿ ಆಡಿದ ಹೀಯಾಳಿಕೆಯನ್ನು ಗೋಡೆಗೆ ಅಂಟಿಸಿ ಹುಡುಗರಿಗೆ ರೋಷ ಬರಿಸುವುದು ನಮ್ಮ ಕಡೆಯ ಎಲ್ಲ ಕೋಚ್‌ಗಳ ಪದ್ಧತಿ. ಶ್ರೀ ಕೋಲ್ಟರ್‌ಮನ್ ಅವರಾದರೋ ಅದಕ್ಕೆ ಚೌಕಟ್ಟು ಹಾಕಿಸುತ್ತಾರೆ.

ನಮ್ಮ ಕೋಚ್ ಶ್ರೀ ವೆಂಡೆಲ್ ಥಾರ್ಪ್ ಅವರು ಹತ್ತೊಂಬತ್ತು ವರ್ಷಗಳಿಂದ ಈ ಕಾಲೇಜಿನಲ್ಲಿದ್ದಾರೆ. ಈ ಸಲ ಎಂಟು ಆಟಗಳಲ್ಲಿ ಆರು ಸೋತಿದ್ದಾರೆ. ಉಲ್ಲೇಖ (3)ರ ಪ್ರಕಾರ ಶನಿವಾರವೂ ಸೋತರೆ ಸೋಮವಾರದಿಂದ ಅವರು ಕೋಚ್ ಆಗಿರುವುದಿಲ್ಲ. ಕಾಲೇಜು ಕೊಟ್ಟಿರುವ ಮನೆಯನ್ನೂ ತೆರವು ಮಾಡತಕ್ಕದ್ದು. ಈ ಕೆಳಗೆ ಸಹಿ ಮಾಡಿದವರ ಕಾರು ಹಿಮದಲ್ಲಿ ಹೂತುಹೋದಾಗ ಶ್ರೀ ಥಾರ್ಪ್ ಅವರು ಎರಡು ಸಲ ತಳ್ಳಿಕೊಟ್ಟಿದ್ದಾರೆ. ಈ ಕಚೇರಿಗೆ ಅವರನ್ನು ಕಂಡರೆ ಪ್ರೀತಿ. ಈ ಪ್ರೀತಿಯನ್ನು ಅಧಿಕೃತವೆಂದು ಪರಿಗಣಿಸತಕ್ಕದ್ದು.

ಆದಕಾರಣ, ಸೋಮವಾರದಿಂದ ಬಾಯಿಮಾತಿನಲ್ಲಿ ಜಾರಿಯಲ್ಲಿದ್ದ ಆದೇಶಗಳನ್ನು ಸಮಸ್ತ ಸಿಬ್ಬಂದಿ, ವಿದ್ಯಾರ್ಥಿಗಳು ಮತ್ತು ಊರಿನವರ ಪಾಲನೆಗಾಗಿ ಈ ಮೂಲಕ ಲಿಖಿತಗೊಳಿಸಲಾಗಿದೆ.

1. ಶನಿವಾರದ ಆಟ ಮುಗಿಯುವವರೆಗೆ ಬ್ರಾಕೆಟ್ ತಂಡದ ಬಗ್ಗೆ ಯಾರಾದರೂ ಕೇಳಿದಲ್ಲಿ ಕೆಳಗಿನ ಮೂರು ಮಾತುಗಳಲ್ಲಿ ಒಂದನ್ನು ಮಾತ್ರ ಆಡತಕ್ಕದ್ದು:
(ಅ) "ಬಹಳ ಶಿಸ್ತಿನ ತಂಡ ಕಣ್ರೀ."
(ಆ) "ಅವರ ಕೋಚ್ ಇದಾರಲ್ಲ, ತುಂಬ ತಯಾರಿ ಮಾಡ್ಕೊಂಡು ಬರ್ತಾರೆ."
(ಇ) "ನಮಗೆ ಕಷ್ಟ ಇದೆ."
ಮೂರನೆಯದನ್ನು ಆಡುವಾಗ ಒಂದು ನಿಟ್ಟುಸಿರಿಗೆ ಅವಕಾಶವಿದೆ. ಎರಡು ಬಿಟ್ಟರೆ ವ್ಯಂಗ್ಯವೆಂದು ಭಾವಿಸಲಾಗುವುದು.

2. ಮೇಲಿನ ಮಾತುಗಳನ್ನು ಆಡುವಾಗ ಕಣ್ಣು ಹೊಡೆಯುವುದನ್ನು ನಿಷೇಧಿಸಲಾಗಿದೆ. ಹುಟ್ಟಿನಿಂದ ಕಣ್ಣು ಅದುರುವವರು ಡಾಕ್ಟರ ಪ್ರಮಾಣಪತ್ರವನ್ನು ಅಂಗಿಯ ಜೇಬಿಗೆ ಎದ್ದು ಕಾಣುವಂತೆ ಸಿಕ್ಕಿಸಿಕೊಳ್ಳತಕ್ಕದ್ದು.

3. ಬುಧವಾರದ ಪ್ರಾರ್ಥನಾ ಸಭೆಯಲ್ಲಿ ಪಾದ್ರಿಗಳು, "ದೇವರೇ, ಬ್ರಾಕೆಟ್ ಹುಡುಗರಿಗೆ ಶನಿವಾರ ನೀನೇ ದಿಕ್ಕು" ಎಂದು ಬೇಡಿಕೊಂಡಿದ್ದು, ಹಿಂದಿನ ಎರಡು ಬೆಂಚುಗಳಲ್ಲಿ ಕಿಸಕ್ಕೆಂದು ನಗು ಕೇಳಿಬಂದಿದೆ. ಇನ್ನು ಮುಂದೆ ಎದುರಾಳಿಗಳ ಪರವಾದ ಪ್ರಾರ್ಥನೆಗಳನ್ನು ದೇವರಿಗೆ ಸಲ್ಲಿಸುವ ಮುನ್ನ ಎರಡು ಪ್ರತಿಗಳಲ್ಲಿ ಈ ಕಚೇರಿಗೆ ಸಲ್ಲಿಸತಕ್ಕದ್ದು.

4. ಪಂದ್ಯದ ದಿನ ಪಾರ್ಕಿಂಗ್ ಜಾಗದಲ್ಲಿ ಎದುರಾಳಿಯ ಲಾಂಛನದ ಪ್ರಾಣಿಯನ್ನೇ ಕೆಂಡದ ಮೇಲೆ ಸುಟ್ಟು ತಿನ್ನುವುದು ನಮ್ಮಲ್ಲಿ ನಡೆದುಬಂದ ರೂಢಿ. ಬ್ರಾಕೆಟ್ ತಂಡದ ಲಾಂಛನ ಹುಲ್ಲುಗಾವಲಿನ ಕೋಳಿಯಾಗಿರುವುದರಿಂದ ಶನಿವಾರ ಕೋಳಿ ಮಾಂಸ ಇರುವುದಿಲ್ಲ. ಎಂದಿನ ಚಿಲಿ ಎಂಬ ಖಾರದ ದನದ ಮಾಂಸದ ಸಾರಿಗೂ ದಾಲ್ಚಿನ್ನಿ ರೋಲಿಗೂ ಅಡ್ಡಿಯಿಲ್ಲ. ಮೊಟ್ಟೆಯ ಬಗ್ಗೆ ವಕೀಲರ ಸಲಹೆ ಕೇಳಲಾಗಿದೆ.

5. ಮೂರನೇ ಬೀದಿಯ ನಿವೃತ್ತ ಅಂಚೆಯವರೊಬ್ಬರು ಆರು ವರ್ಷಗಳ ಹಿಂದೆಯೇ ತಮ್ಮ ನಾಯಿಗೆ ರಸ್ಟಿ ಎಂದು ಹೆಸರಿಟ್ಟಿದ್ದು, ಅದರಲ್ಲಿ ದುರುದ್ದೇಶ ಕಂಡುಬಂದಿಲ್ಲ. ಆದಾಗ್ಯೂ "ಥೂ ರಸ್ಟಿ, ಕಸ ಮೂಸಬೇಡ, ಬಾರೋ ಈಚೆ!" ಎಂದು ನಡುಬೀದಿಯಲ್ಲಿ ಕೂಗುವುದು ಬ್ರಾಕೆಟ್ ಕಿವಿಗೆ ಬಿದ್ದಲ್ಲಿ ಗೋಡೆಗೆ ಹೋಗುವುದು ಖಂಡಿತ. ಶನಿವಾರದವರೆಗೆ ಸದರಿ ನಾಯಿಯನ್ನು ಬಹುವಚನದಲ್ಲಿ ಸಂಬೋಧಿಸತಕ್ಕದ್ದು. ಮಾದರಿ: "ರಸ್ಟಿಯವರೇ, ದಯವಿಟ್ಟು ಈಚೆ ಬನ್ನಿ."

6. ಎದುರಾಳಿಯ ಅಳತೆ ಈ ಕೆಳಗಿನಂತಿದೆ. ತಂಡ: ಎಂಟರಲ್ಲಿ ಆರು ಗೆಲುವು. ಎಡಗಡೆ ಬಲ. ಬಲಗಡೆಯೂ ಬಲ. ನಡುವೆ ಅಷ್ಟೇನೂ ಬಲವಿಲ್ಲದಂತೆ ತೋರಿದರೂ ಕಂಡಿಕೆ 1ರ ಕಾರಣ ಹಾಗೆ ಹೇಳುವಂತಿಲ್ಲ. ಕೋಚ್: ವಯಸ್ಸು 36, ಎತ್ತರ ಸಾಧಾರಣ, ದನಿ ಅಸಾಧಾರಣ. ಪಂದ್ಯವೊಂದಕ್ಕೆ ಒಂದು ಚೀಲ ಸೂರ್ಯಕಾಂತಿ ಬೀಜ ಅಗಿಯುತ್ತಾರೆ. ಸಿಪ್ಪೆಯನ್ನು ರೆಫರಿಯ ದಿಕ್ಕಿಗೆ ಉಗಿಯುತ್ತಾರೆ, ಆದರೆ ತಾಗಿಸುವುದಿಲ್ಲ.

7. ಕಂಡಿಕೆ 1 ಅತ್ಯುತ್ತಮವಾಗಿ ಪಾಲನೆಯಾಗಿದ್ದು, ಅದರಿಂದ ಸಣ್ಣದೊಂದು ತೊಡಕು ಉಂಟಾಗಿದೆ. ಮನೆ, ತರಗತಿ, ಕ್ಷೌರದಂಗಡಿ ಎಲ್ಲೆಡೆ ಬ್ರಾಕೆಟ್ ಗುಣಗಾನವನ್ನೇ ಕೇಳಿದ ನಮ್ಮ ಹುಡುಗರು ಹೆದರಿದ್ದಾರೆ. ಮೈದಾನದಲ್ಲಿ ನಮ್ಮ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಟ್ರೆವರ್ ನೀಮನ್ ನಿನ್ನೆ ಅಭ್ಯಾಸದ ನಡುವೆ, "ಕೋಚ್, ಅವರ ಎಡಗಡೆ ನಿಲ್ಲೋನು ಟ್ರ್ಯಾಕ್ಟರ್ ಎತ್ತುತ್ತಾನಂತೆ, ಹೌದಾ?" ಎಂದು ವಿಚಾರಿಸಿರುತ್ತಾನೆ. ಯಾರು ಹೇಳಿದ್ದೆಂದು ಕೇಳಲಾಗಿ, "ನಮ್ಮಮ್ಮ" ಎಂದು ಉತ್ತರಿಸಿರುತ್ತಾನೆ. ಶ್ರೀ ಥಾರ್ಪ್ ಅವರು ಅಂದೇ ಈ ಕಚೇರಿಗೆ ಬಂದು, "ಹೊಗಳಿದ್ದು ಸಾಕು ಮಾಡ್ರಪ್ಪ, ನಿಮ್ಮ ದಮ್ಮಯ್ಯ. ಹುಡುಗ್ರು ಹೆಲ್ಮೆಟ್ ಒಳಗೇ ನಡುಗ್ತಿದಾರೆ" ಎಂದರು. ಅವರ ಮನವಿಯನ್ನು ಪರಿಶೀಲಿಸಿ ತಿರಸ್ಕರಿಸಲಾಗಿದೆ. ಬದಲಿಗೆ, "ಎದುರಾಳಿಗಳೂ ಮನುಷ್ಯರೇ" ಎಂಬ ಮೊಹರು ಹಾಕಿದ ದೃಢೀಕರಣ ಪತ್ರವನ್ನು ಅರವತ್ತೊಂದು ಆಟಗಾರರಿಗೂ ವಿತರಿಸಲಾಗುವುದು.

8. ಶ್ರೀಮತಿ ವಾಚಲ್ ಅವರ ಬಗ್ಗೆ ಒಂದು ಒಳ್ಳೆಯ ಮಾತನ್ನೂ ದಾಖಲಿಸುವುದು ನ್ಯಾಯ. ತಮ್ಮ ನಾಲಿಗೆಯಿಂದ ಕೋಚ್ ಮನೆ ಕಳೆದುಕೊಳ್ಳುವಂತಾಯಿತಲ್ಲ ಎಂದು ನೊಂದು, ಅವರು ಸೋಮವಾರದಿಂದ ಮೂರು ದಿನ, ಊಟ ಬಡಿಸಿ ಮುಗಿದ ಮೇಲೆ ಶ್ರೀ ಥಾರ್ಪ್ ಅವರ ಕೋಣೆಯಲ್ಲಿ ಕುಳಿತು ಬ್ರಾಕೆಟ್ ತಂಡದ ಎಂಟೂ ಆಟಗಳ ವಿಡಿಯೊ ನೋಡಿದ್ದಾರೆ. ನಿನ್ನೆ ಮಧ್ಯಾಹ್ನ ಅವರು ಹೇಳಿದ್ದು ಹೀಗೆ: "ಕೋಚ್, ಹುಡುಗ್ರನ್ನ ಬಿಡಿ, ಆ ಕೋಲ್ಟರ್‌ಮನ್ ಟೋಪಿ ನೋಡಿ. ಚೆಂಡು ಒದೆಯೋಕೆ ಅಂತ ನಿಲ್ಲಿಸ್ತಾನಲ್ಲ, ಆಗ ಟೋಪಿ ಹಿಂದುಮುಂದು ಮಾಡ್ಕೊಂಡ ಅಂದ್ರೆ ಅವರು ಒದೆಯಲ್ಲ, ಹೊತ್ಕೊಂಡು ಓಡ್ತಾರೆ. ಹನ್ನೊಂದು ಸಲ ಎಣಿಸಿದೀನಿ. ಒಂದು ಸಲಾನೂ ತಪ್ಪಿಲ್ಲ."

ಕಳೆದ ವರ್ಷ ನಾವು ಮೋಸಹೋದದ್ದು ಈ ಆಟಕ್ಕೇ, ಅದೂ ಮೂರು ಸಲ. ಶ್ರೀ ಥಾರ್ಪ್ ಅವರು ಹನ್ನೊಂದನ್ನೂ ಮತ್ತೆ ಹಾಕಿ ನೋಡಿದರು. ಆಮೇಲೆ, "ಲವೋನ್, ಇದನ್ನ ಯಾರಿಗೂ ಹೇಳ್ಬೇಡಮ್ಮ. ನನ್ನ ಕೈಲಿರೋದು ಇದೊಂದೇ" ಎಂದರು, ಮತ್ತು ನಕ್ಕರು. ಅವರು ನಕ್ಕದ್ದನ್ನು ಈ ಕಚೇರಿ ಸೆಪ್ಟೆಂಬರಿನಿಂದೀಚೆಗೆ ಕಂಡಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಈ ಕೆಳಗೆ ಸಹಿ ಮಾಡಿದವರಿಗೆ ಬಹಳ ಸಂತೋಷವಾಯಿತು.

9. ಮೇಲಿನ ಸಂಗತಿ ಅತ್ಯಂತ ಗೌಪ್ಯವಾದುದು. ಬಾಯಿಮಾತನ್ನು ನಂಬಿದರೆ ಏನಾಗುತ್ತದೆಂಬುದನ್ನು ಉಲ್ಲೇಖ (2)ರಲ್ಲಿ ಕಂಡಿದ್ದೇವೆ. ಆದ್ದರಿಂದ ಮುನ್ನೆಚ್ಚರಿಕೆಯಾಗಿ ಅದನ್ನು ಕಂಡಿಕೆ 8ರಲ್ಲಿ ಸ್ಪಷ್ಟವಾಗಿ ಬರೆದು ಸರ್ವರಿಗೂ ತಲುಪಿಸಲಾಗಿದ್ದು, ಸರ್ವರೂ ಅದನ್ನು ಗುಟ್ಟಾಗಿಡಲು ಆದೇಶಿಸಲಾಗಿದೆ. ಯಾವುದನ್ನು ಗುಟ್ಟಾಗಿಡಬೇಕೆಂದು ತಿಳಿಯಲಿಲ್ಲವೆಂಬ ಸಬೂಬನ್ನು ಇನ್ನು ಒಪ್ಪಲಾಗುವುದಿಲ್ಲ.

ಈ ಆದೇಶ ತಕ್ಷಣದಿಂದ ಜಾರಿಗೆ ಬರುತ್ತದೆ. ಉಲ್ಲಂಘಿಸಿದವರನ್ನು ಶನಿವಾರ ಬ್ರಾಕೆಟ್ ಬೆಂಬಲಿಗರ ಕಡೆ, ಅವರ ಕೊಂಬುಕಹಳೆಯವರ ಮುಂದಿನ ಸಾಲಿನಲ್ಲಿ ಕೂರಿಸಲಾಗುವುದು.

ಸಹಿ/-
(ಗ್ಲೆನ್ ಓಸ್ಟ್‌ಬರ್ಗ್)
ಉಪ ನಿರ್ದೇಶಕರು, ಎದುರಾಳಿ ವ್ಯವಹಾರ

ಪ್ರತಿಗಳು:
1. ಆಡಳಿತ ಮಂಡಳಿಯ ಸದಸ್ಯರಿಗೆ, ಅವಗಾಹನೆಗಾಗಿ.
2. ಪಾದ್ರಿಗಳಿಗೆ. ಇನ್ನೊಂದು ಪ್ರತಿಯನ್ನು ಮೇಲಕ್ಕೆ ಅವರೇ ತಲುಪಿಸುವುದು.
3. ಮೂರನೇ ಬೀದಿಯ ನಿವೃತ್ತ ಅಂಚೆಯವರಿಗೆ. ರಸ್ಟಿಯವರಿಗೆ ಓದಿ ಹೇಳುವುದು.
4. ಶ್ರೀಮತಿ ಲವೋನ್ ವಾಚಲ್ ಅವರಿಗೆ, ಖುದ್ದಾಗಿ. (ಓದಿದ ನಂತರ ಅವರು ಸೌಟು ಹಿಡಿದು ಈ ಕಚೇರಿಯ ಕಡೆ ಹೊರಟಿರುವುದಾಗಿ ಕ್ಯಾಂಟೀನಿನಿಂದ ವರದಿ ಬಂದಿದೆ. ಕಾರಣ ತಿಳಿದುಬಂದಿಲ್ಲ.)
5. ಶ್ರೀ ರಸ್ಟಿ ಕೋಲ್ಟರ್‌ಮನ್ ಅವರಿಗೆ. ಪಂದ್ಯಕ್ಕೆ ಮೊದಲು ಎರಡೂ ಕಾಲೇಜುಗಳು ತಂತಮ್ಮ ಆಟದ ವಿಡಿಯೊಗಳನ್ನು ಪರಸ್ಪರ ಕಳುಹಿಸಿಕೊಡುವ ಪದ್ಧತಿಯಿದ್ದು, ಅದೇ ಸೌಜನ್ಯದಿಂದ ಇದನ್ನೂ ಎಲ್ಲರಿಗಿಂತ ಮೊದಲು ಕಳುಹಿಸಲಾಗಿದೆ. ನಾಲ್ಕೇ ನಿಮಿಷದಲ್ಲಿ ಉತ್ತರ ಬಂದಿದೆ: "ತುಂಬ ಉಪಕಾರ ಆಯ್ತು ಸಾರ್. ಶನಿವಾರ ಬರಿತಲೇಲೇ ಬರ್ತೀನಿ." ಅವರ ವಿನಯವನ್ನು ಈ ಕಚೇರಿ ಮೆಚ್ಚಿಕೊಂಡಿದೆ.
6. ಶ್ರೀ ವೆಂಡೆಲ್ ಥಾರ್ಪ್ ಅವರಿಗೆ. ಪಂದ್ಯದ ವಾರ ಅವರ ಮನಸ್ಸಿಗೆ ತೊಂದರೆ ಕೊಡಬಾರದೆಂಬ ಪ್ರೀತಿಯಿಂದ ಸದ್ಯಕ್ಕೆ ಕಳುಹಿಸಿಲ್ಲ. ಸೋಮವಾರ, ಅವರ ಹೊಸ ವಿಳಾಸ ತಿಳಿದ ಕೂಡಲೇ ಕಳುಹಿಸಲಾಗುವುದು.